ವಿಳಿಂಜಂ ಕಡಲು ಮತ್ತು ಸೌರಫಲಕಗಳ ವ್ಯಾಪಾರ

ಸಿಲಿಕಾನ್ ಕೋಶಗಳನ್ನು ಗಾಜಿನ ಅಡಿಯಲ್ಲಿ ಜೋಡಿಸಿ, ಬಿಸಿಲನ್ನು ನೇರವಾಗಿ ವಿದ್ಯುತ್ತಾಗಿ ಪರಿವರ್ತಿಸುವ ಸಾಧನವೇ ಸೌರಫಲಕ. ಬಿಸಿಲಿಗೆ ಬೆಲೆಯಿಲ್ಲ, ಅದನ್ನು ಹಿಡಿಯುವ ಫಲಕಕ್ಕೆ ಬೆಲೆಯುಂಟು. ಆ ಬೆಲೆ ಬಹುಮಟ್ಟಿಗೆ ನಿರ್ಧಾರವಾಗುವುದು ಕಡಲಾಚೆಯಲ್ಲಿ. ತಾರಸಿಯ ಮೇಲೆ ಫಲಕ ಹಾಕಿಸಲು ಸಾಲ ಕೇಳಿಕೊಂಡು ಬ್ಯಾಂಕಿಗೆ ಬರುವವರನ್ನು ಕಾಣುವ ನಮಗೆ, ಈ ವ್ಯಾಪಾರದ ಪರಿಚಯ ಓದುಗರಿಗೆ ಪ್ರಯೋಜನವಾದೀತೆಂದು ತೋರಿತು.

ಕೊಚ್ಚಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವು 2013ರಲ್ಲಿ ಕಟ್ಟಡದ ಮಾಡಿನ ಮೇಲೆ 100 ಕಿಲೋವ್ಯಾಟ್‌ನ ಸಣ್ಣ ಸ್ಥಾವರವನ್ನಿಟ್ಟು ಪರೀಕ್ಷಿಸಿತು. 2015ರ ಆಗಸ್ಟ್ 18ರಂದು ಸುಮಾರು 45 ಎಕರೆ ನೆಲದಲ್ಲಿ 46,000ಕ್ಕೂ ಹೆಚ್ಚು ಫಲಕಗಳ 12 ಮೆಗಾವ್ಯಾಟ್ ಸ್ಥಾವರ ಚಾಲನೆಗೊಂಡು, ಅದು ಪೂರ್ಣವಾಗಿ ಸೌರಶಕ್ತಿಯಿಂದ ನಡೆಯುವ ಜಗತ್ತಿನ ಮೊದಲ ವಿಮಾನ ನಿಲ್ದಾಣವೆನಿಸಿತು. 2018ರಲ್ಲಿ ವಿಶ್ವಸಂಸ್ಥೆಯ ಪರಿಸರ ಪುರಸ್ಕಾರವೂ ಸಂದಿತು. ಬಿಸಿಲು ಕೇರಳದ್ದು, ಫಲಕಗಳು ಚೀನಾ ಮೂಲದ ರೆನೆಸೋಲಾ ಕಂಪನಿಯವು.

ಹೀಗಾದದ್ದೇಕೆ? ಸಿಲಿಕಾನ್ ಸೌರಕೋಶವನ್ನು 1954ರಲ್ಲಿ ಲೋಕಕ್ಕೆ ತೋರಿಸಿದ್ದು ಅಮೆರಿಕದ ಬೆಲ್ ಪ್ರಯೋಗಾಲಯ. 2000ದಲ್ಲಿ ಜರ್ಮನಿಯು ಸೌರವಿದ್ಯುತ್ತಿಗೆ ಖಚಿತ ದರ ನೀಡುವ ಕಾಯಿದೆ ತಂದಾಗ ಬೇಡಿಕೆ ಏರಿತು. ಚೀನಾ ಬೃಹತ್ ಕಾರ್ಖಾನೆಗಳನ್ನು ಕಟ್ಟಿ ಆ ಬೇಡಿಕೆಯನ್ನು ತನ್ನದಾಗಿಸಿಕೊಂಡಿತು, ಬೆಲೆ ಕುಸಿಯಿತು. ಫಲಕ ತಯಾರಿಕೆಯ ಪ್ರತಿಯೊಂದು ಹಂತದಲ್ಲೂ ಚೀನಾದ ಪಾಲು ಶೇ. 80ನ್ನು ಮೀರಿದೆಯೆಂದು ಅಂತಾರಾಷ್ಟ್ರೀಯ ಇಂಧನ ಸಂಸ್ಥೆ 2022ರಲ್ಲಿ ವರದಿ ಮಾಡಿತು. 1989ರಲ್ಲಿ ಸ್ಥಾಪನೆಯಾದ ನಮ್ಮ ಬೆಂಗಳೂರಿನ ಟಾಟಾ ಬಿ.ಪಿ. ಸೋಲಾರ್ ಒಂದು ಕಾಲದಲ್ಲಿ ಯೂರೋಪಿಗೆ ಫಲಕ ರಫ್ತು ಮಾಡುತ್ತಿತ್ತೆಂಬುದನ್ನು ಇಲ್ಲಿ ನೆನೆಯದಿರಲಾಗದು.

ದೇಶೀಯ ಫಲಕಗಳನ್ನೇ ಬಳಸಬೇಕೆಂಬ ಭಾರತದ ನಿಯಮವನ್ನು ಅಮೆರಿಕ ಪ್ರಶ್ನಿಸಿತು. 2016ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ತೀರ್ಪು ನಮಗೆ ವಿರುದ್ಧವಾಯಿತು. ಬಳಿಕ ಸರ್ಕಾರ ಹಿಡಿದದ್ದು ಸುಂಕದ ಹಾದಿ. 2022ರ ಏಪ್ರಿಲ್ 1ರಿಂದ ಆಮದು ಫಲಕಗಳಿಗೆ ಶೇ. 40, ಕೋಶಗಳಿಗೆ ಶೇ. 25 ಮೂಲ ಸೀಮಾಸುಂಕ ಬಿದ್ದಿತು. ಕಾರ್ಖಾನೆಗಳು ಬೆಳೆದವು, ಅಮೆರಿಕಕ್ಕೆ ರಫ್ತೂ ಏರಿತು. ಆದರೆ ಸುಂಕದ ಭಾರ ಕಡೆಗೆ ಕೊಳ್ಳುವವನ ಹೆಗಲಿಗೇ ಎಂಬುದು ನಮ್ಮ ಅಭಿಪ್ರಾಯ.

ಇನ್ನು ವಿಳಿಂಜಂ. ಇಲ್ಲಿಯೇ 1991ರಲ್ಲಿ ಮದರಾಸಿನ ಐ.ಐ.ಟಿ.ಯವರು ಕಡಲಲೆಗಳಿಂದ ವಿದ್ಯುತ್ ತೆಗೆಯುವ 150 ಕಿಲೋವ್ಯಾಟ್‌ನ ಪ್ರಾಯೋಗಿಕ ಸ್ಥಾವರವನ್ನು ನಡೆಸಿದರು. ಅಲೆಯ ಯಂತ್ರ ವ್ಯಾಪಾರದ ಸರಕಾಗಲಿಲ್ಲ, ಫಲಕವಾಯಿತು. ಅದೇ ಕಡಲತೀರಕ್ಕೆ 2024ರ ಜುಲೈ 11ರಂದು ಚೀನಾದ ಶಿಯಾಮೆನ್‌ನಿಂದ ಹೊರಟ ಸ್ಯಾನ್ ಫರ್ನಾಂಡೊ ಎಂಬ ಮೊದಲ ಕಂಟೈನರ್ ಹಡಗು ಬಂದಿತು. 2025ರ ಮೇ 2ರಂದು ಬಂದರು ರಾಷ್ಟ್ರಕ್ಕೆ ಸಮರ್ಪಿತವಾಯಿತು. ಅಂತಾರಾಷ್ಟ್ರೀಯ ಹಡಗುಮಾರ್ಗಕ್ಕೆ ಸುಮಾರು 10 ನಾಟಿಕಲ್ ಮೈಲಿ ದೂರ, ಸಹಜವಾಗಿಯೇ 18 ಮೀಟರಿಗೂ ಮಿಗಿಲಾದ ಆಳ. ಕೊಲಂಬೊ, ಸಿಂಗಪುರಗಳಲ್ಲಿ ಹಡಗು ಬದಲಿಸಿ ಬರುತ್ತಿದ್ದ ಭಾರತದ ಸರಕಿಗೆ ಇದರಿಂದ ಸ್ವಂತ ನೆಲದ ತಂಗುದಾಣ ದೊರೆತಿದೆ. ಸಾಗಣೆ ವೆಚ್ಚ ತಗ್ಗಬಹುದು. ಸುಂಕ ಮಾತ್ರ ತಗ್ಗದು.

2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಸ್ಥಾವರಕ್ಕೆ 78,000 ರೂಪಾಯಿ ಸಹಾಯಧನವುಂಟು. ಅದಕ್ಕೆ ಫಲಕವೂ ಅದರೊಳಗಿನ ಕೋಶವೂ ಭಾರತದಲ್ಲಿಯೇ ತಯಾರಾಗಿರಬೇಕು. ಹೊರಗಿನ ಕೋಶ ತಂದು ಇಲ್ಲಿ ಜೋಡಿಸಿದ ಫಲಕಕ್ಕೆ ಈ ಸಹಾಯಧನ ಸಿಗದು. ಮುಂಗಡ ಕೊಡುವ ಮೊದಲೇ ಮಾರಾಟಗಾರರಿಂದ ಈ ಬಗ್ಗೆ ಲಿಖಿತ ದಾಖಲೆ ಕೇಳಿ ಪಡೆಯಿರಿ.