ಅಜ ಶಬ್ದದ ವಿವಾದವೂ ಹಿಟ್ಟಿನ ಕೋಳಿಯೂ

ವೈದಿಕ ಯಜ್ಞಗಳಲ್ಲಿ ಪಶುಬಲಿಯು ಇದ್ದಿತೆಂಬುದು ನಿರ್ವಿವಾದ. ಆದರೆ ಅದನ್ನು ಕುರಿತ ಸಂಕೋಚವೂ ಅದೇ ಪರಂಪರೆಯಲ್ಲಿ ಬಹುಹಿಂದೆಯೇ ಮೊಳೆತಿತ್ತೆಂಬುದನ್ನು ನಾವು ಮರೆಯಲಾಗದು.

ಶತಪಥ ಬ್ರಾಹ್ಮಣದ ಕಥನವೊಂದರಂತೆ, ಯಜ್ಞಯೋಗ್ಯವಾದ ಸಾರವು ಮನುಷ್ಯನಿಂದ ಕುದುರೆ, ಎತ್ತು, ಕುರಿ, ಮೇಕೆಗಳಿಗೆ ಕ್ರಮವಾಗಿ ಸರಿದು, ಕಡೆಗೆ ಭೂಮಿಯನ್ನು ಹೊಕ್ಕು, ಭತ್ತ ಮತ್ತು ಜವೆಗಳಲ್ಲಿ ದೊರೆಯಿತು. ಆದುದರಿಂದ ಧಾನ್ಯದ ಪುರೋಡಾಶವೇ ಪಶುಗಳಷ್ಟು ಫಲಕಾರಿ ಎಂಬುದು ಅದರ ತಾತ್ಪರ್ಯ. ಮುಂಡಕೋಪನಿಷತ್ತು ಯಜ್ಞಗಳನ್ನೇ ದೃಢವಲ್ಲದ ದೋಣಿಗಳಿಗೆ ಹೋಲಿಸಿತು. ಕ್ರಿ.ಪೂ. 3ನೆಯ ಶತಮಾನದಲ್ಲಿ ಅಶೋಕನು ತನ್ನ ಮೊದಲನೆಯ ಬಂಡೆಗಲ್ಲಿನ ಶಾಸನದಲ್ಲಿ ಜೀವಿಗಳನ್ನು ಕೊಂದು ಬಲಿ ಕೊಡುವುದನ್ನು ನಿಷೇಧಿಸಿದನು.

ಈ ಮನೋಮಂಥನಕ್ಕೆ ವಸುರಾಜನ ಕಥೆಯೇ ಸಾಕ್ಷಿ. ಮಹಾಭಾರತದ ಶಾಂತಿಪರ್ವದಲ್ಲಿ ‘ಅಜ’ವೆಂದರೆ ಬೀಜವೆಂದು ಋಷಿಗಳೂ ಮೇಕೆಯೆಂದು ದೇವತೆಗಳೂ ವಾದಿಸುತ್ತಾರೆ. ದೇವತೆಗಳ ಪಕ್ಷ ವಹಿಸಿದ ವಸುವು ಆಕಾಶದಿಂದ ಪತನ ಹೊಂದುತ್ತಾನೆ. ರವಿಷೇಣರ ಪದ್ಮಪುರಾಣ, ಕ್ರಿ.ಶ. 783ರ ಜಿನಸೇನರ ಹರಿವಂಶಪುರಾಣಗಳಲ್ಲಿಯೂ ಈ ಕಥೆಯುಂಟು. ಅಲ್ಲಿ ಅಜವೆಂದರೆ ಮತ್ತೆ ಮೊಳೆಯಲಾರದ ಹಳೆಯ ಧಾನ್ಯವೆಂದು ನಾರದನು ಸಾರುತ್ತಾನೆ. ಗುರುಪುತ್ರ ಪರ್ವತನು ಮೇಕೆಯೆನ್ನುತ್ತಾನೆ. ಸತ್ಯವನ್ನು ಬಲ್ಲ ವಸುವು ಗುರುಪತ್ನಿಯ ದಾಕ್ಷಿಣ್ಯಕ್ಕೆ ಸಿಲುಕಿ ಸುಳ್ಳಾಡಿ ಅಧೋಗತಿಗಿಳಿಯುತ್ತಾನೆ. ಎರಡು ಪರಂಪರೆಗಳೂ ಒಂದೇ ಪ್ರಶ್ನೆಯನ್ನೆತ್ತಿ ಒಂದೇ ತೀರ್ಪಿಗೆ ಬಂದುದು ಸಾಮಾನ್ಯ ಸಂಗತಿಯಲ್ಲ.

ಪರಿವರ್ತನೆಯ ದಾರಿಯೇನೂ ನೇರವಾಗಿರಲಿಲ್ಲ. ಯಜ್ಞದಲ್ಲಿ ಮಾಡಿದ ವಧೆ ವಧೆಯಲ್ಲವೆಂದ ಮನುಸ್ಮೃತಿಯೇ ಮಾಂಸತ್ಯಾಗವನ್ನೂ ಹೊಗಳಿತು. ಮುಂದೆ ಧರ್ಮಶಾಸ್ತ್ರಕಾರರು ಅಶ್ವಮೇಧವನ್ನು ಕಲಿಯುಗದಲ್ಲಿ ವರ್ಜ್ಯವೆಂದರು. ಮಧ್ವಾಚಾರ್ಯರ ಪರಂಪರೆಯಲ್ಲಿ ಪಶುವಿನ ಸ್ಥಾನಕ್ಕೆ ಹಿಟ್ಟಿನ ಪಶುವು ಬಂದಿತು.

ಇಲ್ಲಿ ಜನ್ನನ ಯಶೋಧರ ಚರಿತೆಯು (ಕ್ರಿ.ಶ. 1209) ಎತ್ತುವ ಪ್ರಶ್ನೆ ಗಂಭೀರವಾದುದು. ಜೀವಬಲಿಗೆ ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಆ ಸಂಕಲ್ಪಹಿಂಸೆಯಿಂದಲೇ ತಾಯಿ ಮಗ ಇಬ್ಬರೂ ತಿರ್ಯಗ್ಜನ್ಮಗಳಲ್ಲಿ ಬಳಲುತ್ತಾರೆ. ಧಾನ್ಯವನ್ನು ಧಾನ್ಯವೆಂದೇ ಅರ್ಪಿಸುವುದು ಬೇರೆ, ಅದಕ್ಕೆ ಪ್ರಾಣಿಯ ರೂಪವಿತ್ತು ಕೊಲ್ಲುವ ಭಾವದಿಂದ ಕತ್ತಿಯೆತ್ತುವುದು ಬೇರೆ.

ಬದಲಿ ದ್ರವ್ಯದಿಂದ ಉಳಿದ ಮೂಕಜೀವಿಗಳ ಪ್ರಾಣವೇನೂ ಅಲ್ಪವಲ್ಲ. ಆ ಸುಧಾರಕರ ಉಪಕಾರವನ್ನು ಅಹಿಂಸಾವ್ರತಿಗಳು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಕೈಯಲ್ಲಿನ ವಸ್ತು ಬದಲಾದ ಮಾತ್ರಕ್ಕೆ ಮನಸ್ಸು ಬದಲಾಯಿತೆಂದು ಭಾವಿಸಲಾಗದು. ಯಶೋಧರನು ಎಡವಿದುದು ಅಲ್ಲಿಯೇ. ಅವನು ಕ್ರೂರಿಯಾಗಿರಲಿಲ್ಲ, ಹಿರಿಯರ ಮಾತಿಗೆ ಮಣಿದ ಸದ್ಗೃಹಸ್ಥನಾಗಿದ್ದನು ಎಂಬುದನ್ನು ಶ್ರಾವಕರು ಮರೆಯದಿರಲಿ.