ಆಫೀಸ್ ಲಾಬಿಯಲ್ಲಿ ಬೆಳಕು ಹೆಚ್ಚಾದಷ್ಟೂ ಒಳ್ಳೆಯದೇ?

ನಂಬಿಕೆ: ಹಳೆಯ ಕಟ್ಟಡದ ಲಾಬಿಯನ್ನು ನವೀಕರಿಸುವಾಗ ಹೆಚ್ಚು ವ್ಯಾಟ್‌ನ, ಅಚ್ಚ ಬಿಳಿಯ ಎಲ್‌ಇಡಿ ದೀಪಗಳನ್ನು ಛಾವಣಿ ತುಂಬ ಹಾಕಿಸಿದರೆ ಸಾಕು, ಯಾರೂ ಎಡವುವುದಿಲ್ಲ.

ವಾಸ್ತವ: ಇದು ಪೂರ್ತಿ ನಿಜವಲ್ಲ. ಬೆಳಕು ಎಷ್ಟಿದೆ ಎನ್ನುವಷ್ಟೇ ಅದು ಎಲ್ಲಿ ಬೀಳುತ್ತದೆ ಎನ್ನುವುದೂ ಮುಖ್ಯ.

ಬಾಗಿಲು ದಾಟಿದಾಗ ಏನಾಗುತ್ತದೆ?

ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಮಧ್ಯಾಹ್ನದ ನೇರ ಬಿಸಿಲಿನಲ್ಲಿ ಇದು ಸುಮಾರು 1,00,000 ಲಕ್ಸ್. ಯುರೋಪಿನ ಇಎನ್ 12464-1 ಮಾನದಂಡ ಪ್ರವೇಶದ ಹಾಲ್‌ಗೆ ಸೂಚಿಸುವುದು 100 ಲಕ್ಸ್, ರಿಸೆಪ್ಷನ್ ಮೇಜಿಗೆ 300 ಲಕ್ಸ್. ಅಂದರೆ ಎಷ್ಟು ದೀಪ ಹಾಕಿದರೂ ಬಿಸಿಲಿಗೆ ಸಮವಾಗದು.

ಬಿಸಿಲಿನಿಂದ ಒಳಗೆ ಬಂದವರ ಕಣ್ಣು ಒಳಗಿನ ಬೆಳಕಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ನೆಲದ ಬಣ್ಣದ್ದೇ ಆದ ಒಂದು ಮೆಟ್ಟಿಲು ಕಾಣದೇ ಹೋಗಬಹುದು. ವಯಸ್ಸಾದವರಿಗೆ ಅಪಾಯ ಇನ್ನೂ ಹೆಚ್ಚು. 60 ವರ್ಷದವರ ಕಣ್ಣಿನ ಒಳಪದರಕ್ಕೆ ತಲುಪುವ ಬೆಳಕು 20 ವರ್ಷದವರಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗ ಮಾತ್ರ.

ಹಾಗಾಗಿ ಹಗಲಿನಲ್ಲಿ ಬಾಗಿಲ ಬಳಿ ಹೆಚ್ಚು ಬೆಳಕು ಕೊಟ್ಟು, ಒಳಗೆ ಹೋದಂತೆ ಹಂತ ಹಂತವಾಗಿ ಕಡಿಮೆ ಮಾಡುವುದು ಸರಿಯಾದ ಕ್ರಮ. ರಾತ್ರಿ ಇದಕ್ಕೆ ವಿರುದ್ಧ. ಬಾಗಿಲ ಬಳಿ ಬೆಳಕು ಕಣ್ಣು ಕುಕ್ಕುವಂತಿದ್ದರೆ, ಹೊರಗೆ ಕಾಲಿಟ್ಟವರಿಗೆ ಕತ್ತಲೆಯಲ್ಲಿ ಏನೂ ಕಾಣದು.

ಹೆಚ್ಚು ಬೆಳಕೇ ತೊಂದರೆಯಾಗುವುದು ಯಾವಾಗ?

ಹೊಳೆಯುವ ಗ್ರಾನೈಟ್ ನೆಲ ಕನ್ನಡಿಯಂತೆ ಛಾವಣಿಯ ದೀಪಗಳನ್ನು ಪ್ರತಿಫಲಿಸುತ್ತದೆ. ಆಗ ಮೆಟ್ಟಿಲಿನ ಅಂಚು, ಒದ್ದೆ ನೆಲ ಎರಡೂ ಗೊತ್ತಾಗುವುದಿಲ್ಲ. ಅದೇ ಬೆಳಕಿನಲ್ಲಿ ಒಂದಷ್ಟನ್ನು ಗೋಡೆಗೆ ತಿರುಗಿಸಿದರೆ ಕಣ್ಣಿಗೆ ಚುಚ್ಚದೆ ಲಾಬಿ ಬೆಳಗಿದಂತೆ ಕಾಣುತ್ತದೆ. ಏಕೆಂದರೆ ನಡೆಯುವಾಗ ನಮ್ಮ ಕಣ್ಣೆದುರು ಹೆಚ್ಚಾಗಿ ಇರುವುದು ಗೋಡೆಗಳು ಮತ್ತು ಎದುರಿಗಿರುವವರ ಮುಖ.

ನ್ಯೂಯಾರ್ಕ್‌ನ ಎಂಪೈರ್ ಸ್ಟೇಟ್ ಬಿಲ್ಡಿಂಗ್ ಇದಕ್ಕೆ ಹತ್ತಿರದ ಉದಾಹರಣೆ. 1931ರಲ್ಲಿ ತೆರೆದ ಈ ಕಟ್ಟಡದ ಲಾಬಿಯ ಛಾವಣಿಯಲ್ಲಿ ಚಿನ್ನ ಮತ್ತು ಅಲ್ಯೂಮಿನಿಯಂ ಹಾಳೆಗಳ ಚಿತ್ತಾರವಿತ್ತು. 1960ರ ದಶಕದಲ್ಲಿ ಟ್ಯೂಬ್‌ಲೈಟ್ ಬೆಳಕಿಗಾಗಿ ಅದರ ಕೆಳಗೆ ಇನ್ನೊಂದು ಛಾವಣಿ ಕಟ್ಟಿದ್ದರಿಂದ ಚಿತ್ತಾರವೇ ಮರೆಯಾಯಿತು. 2009ರಲ್ಲಿ ನವೀಕರಣ ಮುಗಿದಾಗ ಅದನ್ನು ಮತ್ತೆ ರೂಪಿಸಲಾಯಿತು.

ವ್ಯಾಟ್ ಹೆಚ್ಚಿದ್ದರೆ ಬೆಳಕೂ ಹೆಚ್ಚೇ?

ವ್ಯಾಟ್ ಹೇಳುವುದು ದೀಪ ಎಷ್ಟು ವಿದ್ಯುತ್ ಬಳಸುತ್ತದೆ ಎಂದು. ದೀಪ ಕೊಡುವ ಬೆಳಕಿನ ಅಳತೆ ಲ್ಯೂಮೆನ್. ಹಳೆಯ 60 ವ್ಯಾಟ್ ಬಲ್ಬಿನಷ್ಟೇ, ಅಂದರೆ ಸುಮಾರು 800 ಲ್ಯೂಮೆನ್ ಬೆಳಕನ್ನು 8ರಿಂದ 10 ವ್ಯಾಟ್‌ನ ಎಲ್‌ಇಡಿ ಕೊಡುತ್ತದೆ. ಪೆಟ್ಟಿಗೆಯ ಮೇಲೆ ಕೆಲ್ವಿನ್‌ನಲ್ಲಿ ಬರೆದಿರುವುದು ಬೆಳಕಿನ ಬಣ್ಣ, ಪ್ರಮಾಣವಲ್ಲ. 3000 ಕೆಲ್ವಿನ್ ತುಸು ಹಳದಿ, 6500 ನೀಲಿ ಛಾಯೆಯ ಬಿಳಿ.

ನಿಮ್ಮ ಕಟ್ಟಡದಲ್ಲಿ ಹೀಗೆ ಪರೀಕ್ಷಿಸಿ

1. ಮಧ್ಯಾಹ್ನ ಬಿಸಿಲಿನಿಂದ ನೇರವಾಗಿ ಒಳಗೆ ಬನ್ನಿ. ಮೊದಲ ಮೆಟ್ಟಿಲು ತಕ್ಷಣ ಕಂಡಿತೇ? ಇಲ್ಲವಾದರೆ ಅಂಚಿಗೆ ಬೇರೆ ಬಣ್ಣದ ಪಟ್ಟಿ ಹಾಕಿಸಿ.
2. ನೆಲದಲ್ಲಿ ದೀಪದ ಪ್ರತಿಬಿಂಬ ಕಣ್ಣಿಗೆ ಚುಚ್ಚಿದರೆ ದೀಪದ ದಿಕ್ಕು ಬದಲಿಸಿ, ಇಲ್ಲವೇ ಮಸುಕು ಗಾಜು ಹಾಕಿಸಿ.
3. ಫೋನಿನ ಸ್ಲೋ ಮೋಷನ್‌ನಲ್ಲಿ ದೀಪವನ್ನು ಚಿತ್ರೀಕರಿಸಿ. ಬೆಳಕು ಜೋರಾಗಿ ಮಿಣುಕಿದರೆ ದೀಪದ ಡ್ರೈವರ್ ಕಳಪೆಯಾಗಿರಬಹುದು. ಇಂಥ ಮಿಣುಕಿನಿಂದ ಕೆಲವರಿಗೆ ತಲೆನೋವು ಬರುತ್ತದೆ.
4. ಕರೆಂಟ್ ಹೋದಾಗ ಮೆಟ್ಟಿಲು ಮತ್ತು ಹೊರಹೋಗುವ ದಾರಿಯ ತುರ್ತು ದೀಪಗಳು ತಾವಾಗಿಯೇ ಹೊತ್ತಿಕೊಳ್ಳುತ್ತವೆಯೇ ನೋಡಿ.

ಒಟ್ಟಿನಲ್ಲಿ: ಹೆಚ್ಚು ದೀಪ ಕೊಳ್ಳುವ ಮೊದಲು, ಈಗಿರುವ ಬೆಳಕು ಮೆಟ್ಟಿಲು, ಗೋಡೆ ಮತ್ತು ಬಾಗಿಲ ಮೇಲೆ ಸರಿಯಾಗಿ ಬೀಳುತ್ತಿದೆಯೇ ಎಂದು ನೋಡಿ. ನಿಮ್ಮ ಕಟ್ಟಡದ ಗ್ರೂಪ್‌ನಲ್ಲಿ ನವೀಕರಣದ ಮಾತು ನಡೆಯುತ್ತಿದ್ದರೆ ಇದನ್ನೂ ಹಂಚಿಕೊಳ್ಳಿ.