ಪುಟ್ಮಲ್ಲಿಗೂ ಮುಂಚೆ ಸಾಕವ್ವ ಇದ್ದಳು

ಇವತ್ತಿನ ಪೋಸ್ಟ್ ನಟಿ ಉಮಾಶ್ರೀ ಬಗ್ಗೆ. 'ಪುಟ್ಟಕ್ಕನ ಮಕ್ಕಳು' ಸೀರಿಯಲ್‌ನ ಮೆಸ್ ನಡೆಸೋ ಪುಟ್ಟಕ್ಕ ನಿಮ್ಮ ಮನೇಲಿ ಎಲ್ಲರಿಗೂ ಗೊತ್ತು. ಹಳೇ ಕಾಮಿಡಿ ಕ್ಲಿಪ್‌ಗಳನ್ನ ನೀವೂ ಫಾರ್ವರ್ಡ್ ಮಾಡಿರ್ತೀರಿ. ಆದ್ರೆ ಕಥೆ ಶುರುವಾಗೋದು ಅಲ್ಲಿಂದ ಅಲ್ಲ.

ಒಂದು ಚಿಕ್ಕ ಲೆಕ್ಕ ಮಾಡಿ. ಉಮಾಶ್ರೀ ಹುಟ್ಟಿದ್ದು 1957ರಲ್ಲಿ, ರವಿಚಂದ್ರನ್ 1961ರಲ್ಲಿ. 1995ರ 'ಪುಟ್ನಂಜ' ಸಿನಿಮಾದಲ್ಲಿ ಇವರು ಅವರಿಗೆ ಏನಾಗಬೇಕು? ಅಜ್ಜಿ! ಬರೀ ನಾಲ್ಕು ವರ್ಷ ದೊಡ್ಡವರು. ಆದ್ರೂ ಪುಟ್ಮಲ್ಲಿಯನ್ನ ನೋಡಿದಾಗ ನಮಗೆ ಕಾಣೋದು ಅಜ್ಜಿಯೇ. ಅದನ್ನ ಬರೀ ಮೇಕಪ್ ಮಾಡೋಕಾಗಲ್ಲ.

ಆ ಶಕ್ತಿ ಬಂದಿದ್ದು ರಂಗಭೂಮಿಯಿಂದ. ತುಮಕೂರು ಜಿಲ್ಲೆ ನೊಣವಿನಕೆರೆಯ ಈ ಹೆಣ್ಣುಮಗಳು, ದೇವನೂರ ಮಹಾದೇವ ಅವರ 'ಒಡಲಾಳ' ನಾಟಕವಾದಾಗ ಸಾಕವ್ವನ ಪಾತ್ರ ಮಾಡಿದರು. ನಿರ್ದೇಶಕರು ಸಿ.ಜಿ. ಕೃಷ್ಣಸ್ವಾಮಿ. ಕಳೆದುಹೋದ ಹುಂಜ ಹುಡುಕ್ತಾ ಅಲೆಯೋ ಬಡ ದಲಿತ ಮುದುಕಿ ಸಾಕವ್ವ. ಅವಳ ಮಾತಿಗೆ ನಗು ಬರುತ್ತೆ, ಆ ನಗುವಿನ ಹಿಂದೇನೇ ಆ ಮನೆಯ ಹಸಿವೂ ಕಾಣುತ್ತೆ.

1984ರಲ್ಲಿ ಕಾಶೀನಾಥ್ ಅವರ 'ಅನುಭವ' ಬಂತು, ಉಮಾಶ್ರೀ ಹೆಸರು ಮನೆಮಾತಾಯ್ತು. ಆಮೇಲೆ ಚಿತ್ರರಂಗ ಅವರನ್ನ ಹೆಚ್ಚಾಗಿ ಕಾಮಿಡಿ ಟ್ರ್ಯಾಕ್‌ಗೆ ಕರೀತು. ಎನ್.ಎಸ್. ರಾವ್ ಜೊತೆ ಜೋಡಿ, ಡಬಲ್ ಮೀನಿಂಗ್ ಡೈಲಾಗ್, ಜೋರು ಬಾಯಿಯ ಹೆಂಗಸಿನ ಪಾತ್ರ. ಥಿಯೇಟರ್ ನಕ್ಕಿತು. ಆದ್ರೆ ಇವರಿಗೆ ಇಷ್ಟೇ ಬರೋದು ಅಂತ ಸುಮಾರು ಜನ ಅಂದುಕೊಂಡುಬಿಟ್ಟರು.

ಆಮೇಲೆ ಗಿರೀಶ್ ಕಾಸರವಳ್ಳಿ ಅವರ 'ಗುಲಾಬಿ ಟಾಕೀಸ್' ಬಂತು. ಮೂಲ ಕಥೆ ವೈದೇಹಿ ಅವರದು. ಕರಾವಳಿಯ ಮೀನುಗಾರರ ಊರಲ್ಲಿ ಹೆರಿಗೆ ಮಾಡಿಸೋ, ಸಿನಿಮಾ ಹುಚ್ಚಿನ ಮುಸ್ಲಿಂ ಹೆಂಗಸು ಗುಲಾಬಿ. ಅವಳ ಮನೆಗೆ ಟಿವಿ ಬರುತ್ತೆ, ಅದನ್ನ ನೋಡೋಕೆ ಊರ ಹೆಂಗಸರೂ ಬರ್ತಾರೆ. ಕಾರ್ಗಿಲ್ ಯುದ್ಧದ ಹೊತ್ತಿಗೆ ಅದೇ ಊರಿಗೆ ಅವಳು ಬೇಡವಾಗ್ತಾಳೆ. ಈ ಪಾತ್ರಕ್ಕೆ ಉಮಾಶ್ರೀ ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಸಿಕ್ತು. 2013ರಲ್ಲಿ ತೇರದಾಳದಿಂದ ಶಾಸಕಿಯಾಗಿ, ಕನ್ನಡ ಮತ್ತು ಸಂಸ್ಕೃತಿ ಸಚಿವೆಯೂ ಆದರು.

"ಕಾಮಿಡಿ ನಟಿ ಕೊನೆಗೂ ಸೀರಿಯಸ್ ಕಲಾವಿದೆ ಆದ್ರು" ಅಂತಾರಲ್ಲ, ನಂಗೆ ಅದು ಒಪ್ಪಿಗೆ ಇಲ್ಲ. ಸಾಕವ್ವ ಮೊದಲೇ ಇದ್ದಳು. ಕಲಾವಿದೆ ಬದಲಾಗಲಿಲ್ಲ, ಸಿಗೋ ಪಾತ್ರ ಬದಲಾಯ್ತು. ಮತ್ತೆ, ಜನರನ್ನ ನಗಿಸೋದೂ ಅದೇ ವಿದ್ಯೆ. ಟೈಮಿಂಗ್ ಗೊತ್ತಿಲ್ಲದವರಿಗೆ ಎಲ್ಲಿ ಸುಮ್ಮನಿರಬೇಕು ಅನ್ನೋದೂ ಗೊತ್ತಾಗಲ್ಲ.

ಮುಂದಿನ ಸಲ ಆ ಕ್ಲಿಪ್ ಬಂದ್ರೆ ನಗಿ, ಖಂಡಿತ ನಗಿ. ಜೊತೆಗೆ ಒಂದು ಸಂಜೆ ಬಿಡುವು ಮಾಡಿಕೊಂಡು 'ಗುಲಾಬಿ ಟಾಕೀಸ್' ನೋಡಿ. ನಿಮಗೆ ಇಷ್ಟವಾದ ಉಮಾಶ್ರೀ ಪಾತ್ರ ಯಾವುದು? ಕಾಮೆಂಟ್ ಹಾಕಿ.